ಕ್ಯಾಮೆರಾ ಕಲಿಯಬೇಕಾ? ಹಂಪಿಯ ಕತ್ತಲ ಕೋಣೆಯಿಂದ ಶುರು ಮಾಡಿ

ವಿರೂಪಾಕ್ಷ ದೇವಸ್ಥಾನದಲ್ಲಿ ಗರ್ಭಗುಡಿಯ ಹಿಂದೆ ಒಂದು ಕತ್ತಲ ಕೋಣೆಯಿದೆ. ಗೋಡೆಯಲ್ಲೊಂದು ಸಣ್ಣ ಕಿಂಡಿ, ಅದರಿಂದ ಬರುವ ಬೆಳಕು ಎದುರಿನ ಗೋಡೆ ಮೇಲೆ ದೊಡ್ಡ ಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಎಲ್ಲರೂ ನೋಡಿ ಆಶ್ಚರ್ಯಪಟ್ಟು ಹೊರಗೆ ಬರುತ್ತಾರೆ. ನೀವು ಮಾತ್ರ ಐದು ನಿಮಿಷ ಜಾಸ್ತಿ ನಿಲ್ಲಿ, ಯಾಕಂದರೆ ಕ್ಯಾಮೆರಾ ಅಂದರೆ ಅದೇ. ಕತ್ತಲ ಡಬ್ಬಿ, ಒಂದು ತೂತು, ಚಿತ್ರ ಬೀಳಲು ಒಂದು ಗೋಡೆ. ನಿಮ್ಮ ಮೊಬೈಲ್ ಒಳಗೂ ಇರುವುದು ಇದೇ, ತೂತಿಗೆ ಒಂದು ಲೆನ್ಸ್ ಸೇರಿದೆ ಅಷ್ಟೇ.

ಆ ತೂತಿಗೇ ಅಪರ್ಚರ್ ಅನ್ನುತ್ತಾರೆ. ತೂತು ಹಿಗ್ಗಿದರೆ ಬೆಳಕು ಜಾಸ್ತಿ, ಆದರೆ ಹತ್ತಿರದ್ದೋ ದೂರದ್ದೋ ಯಾವುದಾದರೂ ಒಂದು ಮಾತ್ರ ಸ್ಪಷ್ಟವಾಗಿರುತ್ತದೆ, ಉಳಿದದ್ದು ಮಸುಕು. ತೂತು ಕುಗ್ಗಿದರೆ ಬೆಳಕು ಕಡಿಮೆ, ಆದರೆ ಹತ್ತಿರ ದೂರ ಎರಡೂ ಕಾಣುತ್ತವೆ. ಹೊಸಬರಿಗೆ ತಲೆಕೆಡಿಸುವ ವಿಷಯ ಒಂದೇ: ತೂತಿನ ಅಳತೆ ಹೇಳುವ ಎಫ್ ನಂಬರ್ ದೊಡ್ಡದಾದಷ್ಟೂ ತೂತು ಚಿಕ್ಕದು. ಎಫ್ 2.8ರಿಂದ 4ಕ್ಕೆ ಹೋದರೆ ಬೆಳಕು ಅರ್ಧ, 5.6ಕ್ಕೆ ಹೋದರೆ ಅದರಲ್ಲೂ ಅರ್ಧ. ಒಬ್ಬರ ಮುಖ ತೆಗೆಯುವಾಗ ಚಿಕ್ಕ ನಂಬರ್ ಇಡಿ, ಬಂಡೆ ಗುಡ್ಡ ಗೋಪುರ ಎಲ್ಲ ಬೇಕು ಅಂದರೆ 8 ಅಥವಾ 11.

ಬೆಳಕನ್ನು ಹೊಂದಿಸುವ ಇನ್ನೆರಡು ವಿಷಯ ಬೇಗ ಮುಗಿಸುತ್ತೇನೆ. ತೂತು ಎಷ್ಟು ಹೊತ್ತು ತೆರೆದಿರುತ್ತದೆ ಅನ್ನುವುದು ಶಟರ್. ನಿಂತವರಿಗೆ ಸೆಕೆಂಡಿನ 125ನೇ ಒಂದು ಭಾಗ ಸಾಕು, ಓಡುವ ಮಕ್ಕಳಿಗೆ 500ನೇ ಒಂದು ಭಾಗ ಬೇಕು. ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮವಾಗಿರಬೇಕು ಅನ್ನುವುದು ಐಎಸ್ಒ. ಅದು ಬಿಸಿಲಲ್ಲಿ 100, ಮಂಟಪದ ಒಳಗೆ 800ರಿಂದ 1600. ಇನ್ನೂ ಏರಿಸಿದರೆ ಚಿತ್ರದಲ್ಲಿ ಕಾಳು ಕಾಳು ಬರುತ್ತದೆ. ಕತ್ತಲಲ್ಲಿ ಏರಿಸಿದ್ದನ್ನು ಹೊರಗೆ ಬಂದ ಕೂಡಲೇ ಇಳಿಸಿ. ನಾನು ಒಂದು ಸಲ ಮರೆತು ಇಡೀ ಬೆಳಗಿನ ಫೋಟೋಗಳನ್ನು 3200ರಲ್ಲೇ ತೆಗೆದೆ, ಅಂಥ ಬೆಳಕು ಮತ್ತೆ ಸಿಗಲಿಲ್ಲ, ಇವತ್ತಿಗೂ ಬೇಜಾರಿದೆ.

ಮೊದಲ ದಿನವೇ ಎಲ್ಲವನ್ನೂ ನಾವೇ ಹೊಂದಿಸುವ ಪೂರ್ತಿ ಮ್ಯಾನುಯಲ್‌ಗೆ ಹೋಗಬೇಡಿ. ಡಯಲ್ ಅನ್ನು ನಿಕಾನ್, ಸೋನಿಯಲ್ಲಾದರೆ 'ಎ'ಗೆ, ಕ್ಯಾನನ್‌ನಲ್ಲಾದರೆ 'ಎವಿ'ಗೆ ಇಡಿ. ತೂತು ನಿಮ್ಮ ಕೈಯಲ್ಲಿ, ಶಟರ್ ಕ್ಯಾಮೆರಾ ನೋಡಿಕೊಳ್ಳುತ್ತದೆ. ಮೊಬೈಲ್ ಆದರೆ ಬೇಕಾದ ಜಾಗ ಮುಟ್ಟಿ ಫೋಕಸ್ ಮಾಡಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಎಳೆದು ಬೆಳಕು ಇಳಿಸಿ.

ಈಗ ಹೊರಗೆ ಬನ್ನಿ, ಯಾಕಂದರೆ ನಿಜವಾದ ಕಲಿಕೆ ಇರುವುದು ಎಲ್ಲಿ ನಿಲ್ಲಬೇಕು ಅನ್ನುವುದರಲ್ಲಿ.

ಗೋಪುರದ ಬುಡದಲ್ಲಿ ನಿಂತು ಕ್ಯಾಮೆರಾ ಮೇಲಕ್ಕೆ ಎತ್ತಿದರೆ ಅದು ಹಿಂದಕ್ಕೆ ಬೀಳುತ್ತಿರುವ ಹಾಗೆ ಕಾಣುತ್ತದೆ, ಅಲ್ವಾ? ಲೆನ್ಸ್ ತಪ್ಪಲ್ಲ, ನಿಂತ ಜಾಗ ತಪ್ಪು. ಪಕ್ಕದ ಹೇಮಕೂಟ ಗುಡ್ಡ ಹತ್ತಿ. ಅಲ್ಲಿಂದ ಕ್ಯಾಮೆರಾ ನೇರವಾಗಿ ಹಿಡಿಯಬಹುದು, ಗೋಪುರವೂ ನೆಟ್ಟಗೆ ನಿಲ್ಲುತ್ತದೆ. ಗ್ರಿಡ್ ಗೆರೆಗಳನ್ನು ಆನ್ ಮಾಡಿಕೊಂಡು ಒಂದು ಫೋಟೋ ಗೋಪುರ ನಡುವೆ ಇಟ್ಟು ತೆಗೆಯಿರಿ, ಇನ್ನೊಂದು ಎಡಗಡೆಯ ಗೆರೆ ಮೇಲೆ ಇಟ್ಟು. ಎರಡನ್ನೂ ನೋಡಿದರೆ ಮುಖ್ಯವಾದದ್ದನ್ನು ನಡುವೆ ಇಡದೆ ಈ ಗೆರೆಗಳ ಮೇಲೆ ಇಡಿ ಅನ್ನುವ ಮೂರನೇ ಒಂದು ಭಾಗದ ನಿಯಮ ಯಾಕಿದೆ ಅಂತ ತಾನಾಗಿಯೇ ಗೊತ್ತಾಗುತ್ತದೆ. ಆದರೆ ಅದನ್ನು ಕಟ್ಟಳೆ ಮಾಡಿಕೊಳ್ಳಬೇಡಿ. ಗೋಪುರದ ಮುಂದಿನ ಬಜಾರಿನ ಉದ್ದ ಬೀದಿಯನ್ನು, ಅದರ ಇನ್ನೊಂದು ತುದಿಯಲ್ಲಿರುವ 'ಎದುರು ಬಸವಣ್ಣ' ಅನ್ನುವ ದೊಡ್ಡ ನಂದಿಯ ಕಡೆಯಿಂದ ತೆಗೆಯುವಾಗ ಗೋಪುರ ನಡುವೆ ಇದ್ದರೇ ಚೆಂದ. ಎರಡೂ ಕಡೆಯ ಕಂಬಸಾಲು ಕಣ್ಣನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತದೆ.

ಉಗ್ರ ನರಸಿಂಹನ ಮೂರ್ತಿ 6.7 ಮೀಟರ್ ಎತ್ತರ. ಬರೀ ಮೂರ್ತಿಯನ್ನು ತೆಗೆದರೆ ಆ ಎತ್ತರ ಫೋಟೋದಲ್ಲಿ ಸತ್ತುಹೋಗುತ್ತದೆ. ಒಬ್ಬ ಮನುಷ್ಯ ಎದುರು ನಿಂತಿರುವಾಗ ತೆಗೆಯಿರಿ, ನೋಡುವವರಿಗೆ ಅಳತೆ ಸಿಗುತ್ತದೆ. ತುಂಗಭದ್ರೆಯಲ್ಲಿ ಹರಿಗೋಲು ಹೋಗುತ್ತಿದ್ದರೆ ಅದು ಹೋಗುವ ದಿಕ್ಕಿನಲ್ಲಿ ನೀರು ಜಾಸ್ತಿ ಬಿಡಿ, ಇಲ್ಲದಿದ್ದರೆ ಫೋಟೋದ ಅಂಚಿಗೆ ಡಿಕ್ಕಿ ಹೊಡೆಯುವ ಹಾಗಿರುತ್ತದೆ.

ವಿಠ್ಠಲ ದೇವಸ್ಥಾನದ ಕಲ್ಲಿನ ರಥ ಎಲ್ಲರಿಗೂ ಗೊತ್ತು, 50 ರೂಪಾಯಿ ನೋಟಿನ ಹಿಂದೆಯೇ ಇದೆ. ಅದನ್ನು ಮಧ್ಯಾಹ್ನ 12ಕ್ಕೆ ತೆಗೆದರೆ ಚಪ್ಪಟೆ ಕಲ್ಲು ಅಷ್ಟೇ. ಟಿಕೆಟ್ ಕೌಂಟರ್ ತೆರೆದ ಕೂಡಲೇ ಹೋಗಿ. ಬಿಸಿಲು ಪಕ್ಕದಿಂದ ಸವರಿಕೊಂಡು ಬೀಳುವಾಗ ಚಕ್ರದ ಒಂದೊಂದು ಗೆರೆಗೂ ಒಂದು ನೆರಳು ಹುಟ್ಟುತ್ತದೆ, ಕೆತ್ತನೆ ಎದ್ದು ಬರುತ್ತದೆ. ಪೂರ್ತಿ ರಥ ಬೇಡ, ಒಂದು ಚಕ್ರ ಸಾಕು. ಏನನ್ನು ಬಿಡಬೇಕು ಅಂತ ಮೊದಲು ಯೋಚಿಸಿ. ಕಸದ ಬುಟ್ಟಿ, ಬೋರ್ಡು, ಅರ್ಧ ಕತ್ತರಿಸಿದ ಜನ ಇವೆಲ್ಲ ಬರುವುದು ಅಂಚಿನಲ್ಲೇ, ಹಾಗಾಗಿ ಬಟನ್ ಒತ್ತುವ ಮುಂಚೆ ನಾಲ್ಕೂ ಅಂಚಿನ ಮೇಲೆ ಒಮ್ಮೆ ಕಣ್ಣಾಡಿಸಿ. ನನ್ನ ಪ್ರಕಾರ ಯಾವ ದುಬಾರಿ ಲೆನ್ಸಿಗಿಂತಲೂ ಈ ಅಭ್ಯಾಸ ದೊಡ್ಡದು.

ಬಿಳಿ ಆಕಾಶದ ಎದುರು ಗೋಪುರ ಕಪ್ಪಾಗಿ ಬಂದರೆ ಗಾಬರಿ ಬೇಡ. ಕ್ಯಾಮೆರಾ ಎದುರಿಗೆ ಬಂದದ್ದನ್ನೆಲ್ಲ ನಡುವಿನ ಬೂದು ಬಣ್ಣಕ್ಕೆ ಎಳೆಯಲು ನೋಡುತ್ತದೆ, ಅದಕ್ಕೇ ಹೀಗೆ. ಪ್ಲಸ್-ಮೈನಸ್ ಗುರುತಿನ ಬಟನ್ ಒತ್ತಿ ಪ್ಲಸ್ 1 ಮಾಡಿ. ಮಾತಂಗ ಬೆಟ್ಟದ ಮೇಲೆ ಸೂರ್ಯ ಹುಟ್ಟುವಾಗ ಇದಕ್ಕೆ ಉಲ್ಟಾ, ಮೈನಸ್ 1. ಬಂಡೆಗಳು ಕಪ್ಪಾಗಲಿ, ಆಕಾಶದ ಬಣ್ಣ ಉಳಿಯಬೇಕು. ಅಂದಹಾಗೆ, ಸ್ಮಾರಕಗಳ ಒಳಗೆ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಮೊಣಕೈ ಎದೆಗೆ ಒತ್ತಿ ಹಿಡಿದು, ಉಸಿರು ಬಿಡುತ್ತಾ ಒತ್ತುವುದನ್ನು ರೂಢಿ ಮಾಡಿಕೊಳ್ಳಿ.

ಹಂಪಿ ದೂರವಾದರೆ ನಿಮ್ಮೂರಿನ ಗುಡಿಯೇ ಸಾಕು. ಒಂದೇ ಕಂಬವನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹತ್ತತ್ತು ಸಲ ತೆಗೆಯಿರಿ. ಪ್ರತಿ ಸಲ ಎರಡು ಹೆಜ್ಜೆ ಸರಿಯಿರಿ, ಒಮ್ಮೆ ಕುಳಿತು ತೆಗೆಯಿರಿ. ರಾತ್ರಿ ಮೂವತ್ತನ್ನೂ ಸಾಲಾಗಿ ನೋಡಿ, ಮೂರು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಅಳಿಸಿ.