ಆ ನಾಲ್ಕು ಸೆಂಟಿಮೀಟರು ಎಲ್ಲಿ ಹೋಯಿತು

ತುಮಕೂರಿನ ಬಿ.ಎಚ್. ರಸ್ತೆಗೆ ಹತ್ತಿರದ ಒಂದು ಮಹಡಿಯ ಮೇಲೆ ಕುಳಿತು, ಮನೆ ಕಟ್ಟುವವರಿಗೆ ಆಟೋಕ್ಯಾಡ್‌ನಲ್ಲಿ ನಕ್ಷೆ ಬಿಡಿಸಿಕೊಡುವುದು ನನ್ನ ಕಸುಬು. ಸೈಟಿನ ಪತ್ರಗಳು, ಸರ್ವೆ ಹಾಳೆಗಳು ಹರಡಿಕೊಂಡ ಮೇಜಿನ ಮೇಲೆ ಮೌಸಿನ ತಂತಿ ಸದಾ ಏನಾದರೊಂದಕ್ಕೆ ಸಿಕ್ಕಿಕೊಳ್ಳುತ್ತಿದ್ದುದರಿಂದ, ಕಂಪ್ಯೂಟರಿನ ಯುಎಸ್‌ಬಿ ತೂತಿಗೆ ಸಿಕ್ಕಿಸುವ ಒಂದೇ ಪುಟ್ಟ ರಿಸೀವರಿನಲ್ಲಿ ನಡೆಯುವ ವೈರ್‌ಲೆಸ್ ಮೌಸ್ ಮತ್ತು ಕೀಬೋರ್ಡ್ ಜೋಡಿಯೊಂದನ್ನು ಖರೀದಿಸಿದೆ. ನಿಖರವಾದ ಕೆಲಸಕ್ಕೆ ವೈರ್‌ಲೆಸ್ ಮೌಸ್ ಆಗದು ಎಂದು ಕೆಲವು ಗೆಳೆಯರು ಎಚ್ಚರಿಸಿದ್ದರು. ಆದರೆ ನನಗೆ ಕೈಕೊಟ್ಟದ್ದು ಮೌಸ್ ಅಲ್ಲ, ಕೀಬೋರ್ಡ್.

ಕ್ಯಾಡ್‌ನಲ್ಲಿ ಗೆರೆಯ ನಿಖರತೆ ಕೈಯ ಸ್ಥಿರತೆಯಿಂದ ಬರುವುದಿಲ್ಲ. ಎಫ್3 ಒತ್ತಿ ಆಬ್ಜೆಕ್ಟ್ ಸ್ನ್ಯಾಪ್ ಇಟ್ಟುಕೊಂಡಿದ್ದರೆ, ಕರ್ಸರ್ ಗೋಡೆಯ ಮೂಲೆಯ ಹತ್ತಿರ ಬಂದರೆ ಸಾಕು, ಬಿಂದು ಮೂಲೆಗೇ ಹೋಗಿ ಕೂರುತ್ತದೆ. ಸಾಧಾರಣ ಮೌಸ್ ತನ್ನ ಚಲನೆಯನ್ನು ಸೆಕೆಂಡಿಗೆ 125 ಬಾರಿ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ ಕಂಪ್ಯೂಟರಿಗೆ ತಿಳಿಸುತ್ತದೆ. ನಕ್ಷೆಯ ಕೆಲಸಕ್ಕೆ ಅದು ಧಾರಾಳ. ವಿಂಡೋಸ್‌ನಲ್ಲಿ ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್ ಎಂಬ ಆಯ್ಕೆಯನ್ನು ನಾನು ಆರಿಸಿಟ್ಟಿದ್ದೇನೆ, ಏಕೆಂದರೆ ಅದು ಕೈಯ ವೇಗಕ್ಕೆ ತಕ್ಕಂತೆ ಕರ್ಸರಿನ ಓಟವನ್ನು ಬದಲಿಸಿ ಅಂದಾಜು ತಪ್ಪಿಸುತ್ತದೆ. ಮೌಸ್ ಕೊಳ್ಳುವಾಗ ನಿಜವಾಗಿ ಪರೀಕ್ಷಿಸಬೇಕಾದದ್ದು ನಡುವಿನ ಚಕ್ರವನ್ನು. ಅದನ್ನು ಒತ್ತಿಹಿಡಿದು ನಕ್ಷೆಯನ್ನು ಸರಿಸುತ್ತೇವೆ, ಎರಡು ಬಾರಿ ಒತ್ತಿ ಇಡೀ ನಕ್ಷೆಯನ್ನು ಕಾಣುತ್ತೇವೆ. ಒತ್ತು ಗಡುಸಾಗಿದ್ದರೆ ಬೆರಳಿನಡಿ ಚಕ್ರ ಉರುಳಿ, ಸರಿಯಬೇಕಾದ ನಕ್ಷೆ ದೊಡ್ಡದೋ ಚಿಕ್ಕದೋ ಆಗಿಬಿಡುತ್ತದೆ.

ಕೀಬೋರ್ಡಿನ ಕಥೆ ಬೇರೆ. ಬಟವಾಡಿ ಕಡೆಯ ಐದು ಮೂಲೆಯ ಒಂದು ಸೈಟಿನ ಬದಿಗಳನ್ನು ಸರ್ವೆಯ ಅಳತೆ ಮತ್ತು ಕೋನಗಳ ಪ್ರಕಾರ ಒಂದೊಂದಾಗಿ ಟೈಪ್ ಮಾಡುತ್ತಿದ್ದೆ. ಸಿ ಒತ್ತಿದರೆ ಅಳತೆ ಕೇಳದೆಯೇ ಗೆರೆ ನೇರ ಮೊದಲ ಬಿಂದುವಿಗೆ ಹೋಗಿ ಸೇರುತ್ತದೆ; ಸಾಮಾನ್ಯವಾಗಿ ಕೊನೆಯ ಬದಿಗೆ ಹಾಗೆ ಆಕೃತಿಯನ್ನು ಮುಚ್ಚಿಬಿಡುವ ನಾನು, ಆ ದಿನ ಏಕೋ ಅದರ ಅಳತೆಯನ್ನೂ ಹಾಕಿದೆ. ಗೆರೆ ಮೊದಲ ಬಿಂದುವನ್ನು ಮುಟ್ಟದೆ ನಾಲ್ಕು ಸೆಂಟಿಮೀಟರಿನಷ್ಟು ಆಚೆ ನಿಂತಿತು. ಸರ್ವೆಯವರನ್ನು ಮನಸ್ಸಿನಲ್ಲೇ ಬೈದುಕೊಂಡು ಎಲ್ಲ ಬದಿಗಳನ್ನೂ ಅಳೆದು ನೋಡಿದಾಗ, ಹಾಳೆಯಲ್ಲಿ 12.44 ಮೀಟರ್ ಇದ್ದ ಬದಿ ನನ್ನ ನಕ್ಷೆಯಲ್ಲಿ 12.4 ಆಗಿತ್ತು. ಜೋಡಿ ಅಂಕಿಯಲ್ಲಿ ಒಂದು ನಾಲ್ಕು ಕಂಪ್ಯೂಟರನ್ನು ತಲುಪಿಯೇ ಇರಲಿಲ್ಲ. ಮೊದಲ ಅಂಕಿ ಬಿಟ್ಟುಹೋಗಿದ್ದರೆ ಕಣ್ಣಿಗೆ ರಾಚುತ್ತಿತ್ತು. ಕೊನೆಯದು ಹೋದರೆ ಯಾರಿಗೆ ತಿಳಿಯುತ್ತದೆ?

ನೋಟ್‌ಪ್ಯಾಡ್ ತೆರೆದು 44, 44 ಎಂದು ಸಾಲುಗಟ್ಟಲೆ ಹೊಡೆದೆ. ಹಳೆಯ ನಕ್ಷೆಗಳನ್ನು ಉಳಿಸಿಡುವ ಹಾರ್ಡ್ ಡಿಸ್ಕ್ ಜೋಡಿಸಿದ್ದಾಗ ಅಲ್ಲೊಂದು ಇಲ್ಲೊಂದು ಅಂಕಿ ತಪ್ಪುತ್ತಿತ್ತು, ತೆಗೆದಾಗ ಒಂದೂ ತಪ್ಪಲಿಲ್ಲ. ಡಿಸ್ಕು ಯುಎಸ್‌ಬಿ 3.0ರದು, ರಿಸೀವರ್ ಅದರ ಪಕ್ಕದ ತೂತಿನಲ್ಲೇ, ಕ್ಯಾಬಿನೆಟ್ಟಿನ ತಗಡಿನ ಹಿಂಬದಿಗಿತ್ತು. ಯುಎಸ್‌ಬಿ 3.0 ಹೊಮ್ಮಿಸುವ ವಿದ್ಯುತ್ ಗದ್ದಲ ಇಂಥ ಸಾಧನಗಳು ಬಳಸುವ 2.4 ಗಿಗಾಹರ್ಟ್ಸ್ ತರಂಗಗಳಿಗೆ ಅಡ್ಡಬರುತ್ತದೆ ಎಂಬುದನ್ನು ಇಂಟೆಲ್ 2012ರಲ್ಲೇ ಒಂದು ಪ್ರಬಂಧದಲ್ಲಿ ವಿವರಿಸಿದೆ. ಒಂದು ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ರಿಸೀವರನ್ನು ಮೇಜಿನ ಮೇಲೆ ತಂದಿಟ್ಟ ಮೇಲೆ ತೊಂದರೆ ನಿಂತಿತು. ತಂತಿ ಬೇಡವೆಂದು ಹೊರಟವನಿಗೆ ಕೊನೆಗೆ ತಂತಿಯೇ ಗತಿಯಾಯಿತು.

ಆದರೂ ಆ ಕೀಬೋರ್ಡ್ ನನ್ನಲ್ಲಿ ಉಳಿಯಲಿಲ್ಲ. ಬಲಬದಿಯ ಅಂಕಿಗುಂಡಿಗಳು ಅಂಕಿಯಾಗಬೇಕೋ ಬಾಣವಾಗಬೇಕೋ ಎಂದು ನಿರ್ಧರಿಸುವ ನಮ್ ಲಾಕ್‌ಗೆ ಅದರಲ್ಲಿ ದೀಪವೇ ಇರಲಿಲ್ಲ. ತಿಳಿಯದೆ ನಮ್ ಲಾಕ್ ಆಫ್ ಆಗಿದ್ದಾಗ ಎಂಟು ಒತ್ತಿದರೆ ಮೇಲ್ಬಾಣವಾಗಿ, ಹಿಂದೆ ಕೊಟ್ಟ ಆಜ್ಞೆ ಮತ್ತೆ ಎದ್ದು ಬರುತ್ತಿತ್ತು. ಈಗ ಅಂಕಿಗಳಿಗೆ ತಂತಿಯ ಕೀಬೋರ್ಡ್, ಮೌಸ್ ಮಾತ್ರ ವೈರ್‌ಲೆಸ್. ಸೈಟಿನ ಆಕೃತಿಯನ್ನು ಸಿ ಒತ್ತಿ ಮುಚ್ಚುವುದನ್ನೂ ಬಿಟ್ಟಿದ್ದೇನೆ. ಕೊನೆಯ ಬದಿಯನ್ನೂ ಟೈಪ್ ಮಾಡಿ, ಗೆರೆ ತಾನಾಗಿ ಮೊದಲ ಬಿಂದುವಿಗೆ ಬಂದು ಸೇರುತ್ತದೆಯೇ ಎಂದು ದೊಡ್ಡದು ಮಾಡಿ ನೋಡುತ್ತೇನೆ.