ಕೋಲಾರದಿಂದ ಮೆಜೆಸ್ಟಿಕ್‌ಗೆ ಏಳು ಮೆಟ್ಟಿಲು: ಆತಂಕಕ್ಕೆ ಸಿಬಿಟಿ ಮಾಡುವುದು ಹೇಗೆ?

ಕೋಲಾರದಿಂದ ಬೆಂಗಳೂರಿಗೆ ದಿನಾ ಓಡಾಡುವವರಿಗೆ ಹೊಸಕೋಟೆ ದಾಟಿದ ಮೇಲಿನ ಟ್ರಾಫಿಕ್ ಗೊತ್ತೇ ಇದೆ. ಅಲ್ಲಿ ನಿಂತಿದ್ದ ಬಸ್ಸಿನಲ್ಲಿ ಒಂದು ಬೆಳಿಗ್ಗೆ ನನ್ನ ಎದೆ ಇದ್ದಕ್ಕಿದ್ದಂತೆ ಢವಢವ ಹೊಡೆದುಕೊಳ್ಳಲು ಶುರುವಾಯಿತು. ಬೆರಳು ಜುಮ್ಮೆಂದವು, ಉಸಿರು ಸಾಲಲಿಲ್ಲ, ಅಂಗಿ ಒದ್ದೆಯಾಯಿತು, ಇನ್ನೆರಡು ನಿಮಿಷದಲ್ಲಿ ಇಲ್ಲೇ ಪ್ರಾಣ ಹೋಗುತ್ತದೆ ಅನ್ನಿಸಿ, ಕಂಡಕ್ಟರ್ ಬೇಡ ಅಂದರೂ ಕೇಳದೆ ರಸ್ತೆಯಲ್ಲೇ ಇಳಿದುಬಿಟ್ಟೆ. ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು. ಸರಿಯಾಗಿತ್ತು. "ಏನೂ ಇಲ್ಲ, ಸುಮ್ನೆ ಟೆನ್ಷನ್ ಮಾಡ್ಕೋಬೇಡಿ" ಎಂದು ಕಳಿಸಿದರು. ಅಮ್ಮ ಕೋಲಾರಮ್ಮನ ಗುಡಿಯಲ್ಲಿ ಪೂಜೆ ಮಾಡಿಸಿ, "ಧೈರ್ಯವಾಗಿರಪ್ಪ" ಅಂದರು. ಎಲ್ಲರೂ ನನ್ನ ಒಳ್ಳೆಯದಕ್ಕೇ ಹೇಳಿದರು. ಆದರೆ ಧೈರ್ಯ ತಂದುಕೊಳ್ಳುವುದು ಹೇಗೆ ಎಂದು ಯಾರೂ ಹೇಳಲಿಲ್ಲ. ಏಳು ತಿಂಗಳು ನಾನು ಬಸ್ಸು ಹತ್ತಲಿಲ್ಲ.

ಆ 'ಹೇಗೆ' ಎನ್ನುವುದಕ್ಕೆ ಉತ್ತರ ಸಿಕ್ಕಿದ್ದು ಸಿಬಿಟಿಯಲ್ಲಿ. ಪೂರ್ತಿ ಹೆಸರು ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ಹೆಸರು ಉದ್ದ, ವಿಷಯ ಸರಳ. ನಮ್ಮ ಯೋಚನೆ, ಮೈಯಲ್ಲಿ ಆಗುವುದು, ನಾವು ಮಾಡುವುದು, ಈ ಮೂರೂ ಒಂದನ್ನೊಂದು ಎಳೆಯುತ್ತಿರುತ್ತವೆ. ಸಂಕಟವನ್ನು ನೇರವಾಗಿ ಹಿಡಿದು ನಿಲ್ಲಿಸಲು ಆಗುವುದಿಲ್ಲ. ಯೋಚನೆಯನ್ನು ಪರೀಕ್ಷೆ ಮಾಡಬಹುದು, ಮಾಡುವ ಕೆಲಸವನ್ನು ಬದಲಾಯಿಸಬಹುದು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಎಂಬ ಮನೋವೈದ್ಯರು 1960ರ ದಶಕದಲ್ಲಿ ಇದನ್ನು ಕಟ್ಟಿದರು. ಖಿನ್ನತೆಯಿದ್ದವರ ಮಾತು ಕೇಳುತ್ತಾ ಅವರು ಗಮನಿಸಿದ್ದು ಒಂದು ವಿಷಯ: 'ನಾನು ಯಾವುದಕ್ಕೂ ಬರಲ್ಲ', 'ಮುಂದೆ ಏನೂ ಸರಿಹೋಗಲ್ಲ' ಎನ್ನುವ ಯೋಚನೆಗಳು ಕರೆಯದೇ ಬರುತ್ತವೆ, ಬಂದ ಕೂಡಲೇ ಖಿನ್ನತೆಯಿದ್ದವರು ಅವನ್ನು ನಿಜವೆಂದು ಒಪ್ಪಿಕೊಂಡುಬಿಡುತ್ತಾರೆ. ಬೆಕ್ 2021ರಲ್ಲಿ, ನೂರು ವರ್ಷ ತುಂಬಿದ ಮೇಲೆ ತೀರಿಕೊಂಡರು. ಅಷ್ಟು ವರ್ಷವೂ ಅವರು ಈ ಚಿಕಿತ್ಸೆಯನ್ನು ಪರೀಕ್ಷೆಗೆ ಒಡ್ಡಿಸುತ್ತಲೇ ಇದ್ದರು. ನನಗೆ ಇದರ ಮೇಲೆ ನಂಬಿಕೆ ಬಂದಿದ್ದು ಅದಕ್ಕೇ.

ಮೊದಲು ಡಾಕ್ಟರ್

ನೇರವಾಗಿ ಪುಸ್ತಕ ಪೆನ್ನು ಹಿಡಿದು ಕೂರಬೇಡಿ. ಎದೆ ಬಡಿತ, ಸುಸ್ತು, ನಡುಕ ಇವೆಲ್ಲ ಥೈರಾಯ್ಡ್‌ನಿಂದಲೂ, ರಕ್ತ ಕಮ್ಮಿಯಾದರೂ, ಹೃದಯದ ತೊಂದರೆಯಿಂದಲೂ ಬರಬಹುದು. ಅದನ್ನು ಒಮ್ಮೆ ನೋಡಿಸಿಕೊಳ್ಳಿ. ಎಲ್ಲ ಸರಿಯಿದ್ದರೆ ಮನೋವೈದ್ಯರ ಹತ್ತಿರ ಹೋಗಿ. ನಮ್ಮಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ, ಟಮಕದಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಎಲ್ಲಿಗೆ ಹೋಗಬೇಕೆಂದೇ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಸಾಯಬೇಕು ಎನ್ನುವ ಯೋಚನೆ ಬರುತ್ತಿದ್ದರೆ ಈ ಲೇಖನವನ್ನು ಇಲ್ಲಿಗೇ ಬಿಟ್ಟು ಈಗಲೇ ಆ ನಂಬರಿಗೆ ಫೋನ್ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಯಾರೂ ಇಲ್ಲದಾಗ ದನಿ ಕೇಳಿಸುವುದು, ದಿನಗಟ್ಟಲೆ ನಿದ್ದೆಯಿಲ್ಲದೆ ವಿಪರೀತ ಹುರುಪಿನಲ್ಲಿರುವುದು ಇಂಥವಕ್ಕೆ ಮೊದಲು ಬೇಕಾದದ್ದು ಮಾತ್ರೆ, ಸಿಬಿಟಿ ಆಮೇಲೆ ಜೊತೆಗೆ ಸೇರುತ್ತದೆ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ.

ಸಿಬಿಟಿ ಮಾಡಿಸುವವರು ಸಾಮಾನ್ಯವಾಗಿ ಕ್ಲಿನಿಕಲ್ ಸೈಕಾಲಜಿಸ್ಟ್. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಇರಬೇಕು. ಕೇಳಲು ಸಂಕೋಚ ಬೇಡ. ಇನ್ನೊಂದು ಪ್ರಶ್ನೆಯನ್ನೂ ಕೇಳಿ: "ಮನೆಯಲ್ಲಿ ಮಾಡೋಕೆ ಏನು ಕೆಲಸ ಕೊಡ್ತೀರಿ?" ಕೆಲಸವೇ ಇಲ್ಲ, ಬರೀ ಮಾತು ಎಂದರೆ ಅದು ಸಿಬಿಟಿ ಅಲ್ಲ. ವಾರಕ್ಕೊಂದು ಗಂಟೆ ಅವರ ಮುಂದೆ ಕೂರುತ್ತೀರಿ, ಉಳಿದ ವಾರವೆಲ್ಲ ನಿಮ್ಮ ಕೈಯಲ್ಲೇ ಇರುತ್ತದೆ. ಹೋಂವರ್ಕ್ ಮಾಡಿದವರಿಗೆ ಜಾಸ್ತಿ ಗುಣ ಕಾಣುತ್ತದೆ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ.

ನಾಲ್ಕು ಕಾಲಂ

ಶಾಲೆ ಮಕ್ಕಳ ನೋಟ್‌ಬುಕ್ ಸಾಕು. ಒಂದು ಪುಟದಲ್ಲಿ ನಾಲ್ಕು ಕಾಲಂ ಎಳೆಯಿರಿ. ಏನಾಯಿತು, ಆಗ ತಲೆಗೆ ಏನು ಬಂತು, ಮೈಗೆ ಏನಾಯಿತು, ನಾನು ಏನು ಮಾಡಿದೆ. ಸಂಕಟವಾದಾಗಲೆಲ್ಲ ಅದೇ ದಿನ ತುಂಬಿಸಿ. ನನ್ನ ಮೊದಲ ಸಾಲು ಹೀಗಿತ್ತು: ಬಸ್ಸು ನಿಂತಿತು, ಹಾರ್ಟ್ ಅಟ್ಯಾಕ್ ಆಗ್ತಿದೆ, ಎದೆ ಬಡಿತ, ಬೆರಳು ಜುಮ್, ಇಳಿದು ಓಡಿದೆ. ಆ ಯೋಚನೆಯನ್ನು ಎಷ್ಟು ನಂಬಿದೆ ಎಂದು ನೂರಕ್ಕೆ ಅಂಕ ಕೊಡಬೇಕು. ನಾನು 95 ಬರೆದಿದ್ದೆ.

ಎರಡು ವಾರ ಬರೆದ ಮೇಲೆ ಚಕ್ರ ಕಣ್ಣಿಗೆ ಕಂಡಿತು. ಆಕ್ಸ್‌ಫರ್ಡ್‌ನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಇದನ್ನೇ ವಿವರಿಸಿದ್ದಾರೆ. ಎದೆ ಸ್ವಲ್ಪ ಜೋರಾಗಿ ಬಡಿಯುತ್ತದೆ, ಅದನ್ನು ಸಾವು ಎಂದು ಓದಿಕೊಳ್ಳುತ್ತೇವೆ, ಆ ಓದಿಗೇ ಹೆದರಿ ಎದೆ ಇನ್ನೂ ಜೋರಾಗುತ್ತದೆ. ಗಾಬರಿಯಲ್ಲಿ ಉಸಿರನ್ನು ಬೇಗ ಬೇಗ ಎಳೆದುಕೊಂಡಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಮ್ಮಿಯಾಗುತ್ತದೆ, ಬೆರಳು ಜುಮ್ಮೆನ್ನುವುದು, ತಲೆ ಹಗುರಾಗುವುದು ಅದರಿಂದಲೇ. ನಾನು ಇದನ್ನು ಕೇಳಿದ ದಿನ ಕಣ್ಣಲ್ಲಿ ನೀರು ಬಂತು. ಏಳು ತಿಂಗಳಲ್ಲಿ ನನ್ನ ಬೆರಳು ಯಾಕೆ ಜುಮ್ಮೆನ್ನುತ್ತದೆ ಎಂದು ಒಬ್ಬರಾದರೂ ಹೇಳಿದ್ದರೆ!

ಆಮೇಲೆ ಐದನೇ ಕಾಲಂ. ಆ ಯೋಚನೆಗೆ ಸಾಕ್ಷಿ ಏನು? ಅದಕ್ಕೆ ವಿರುದ್ಧದ ಸಾಕ್ಷಿ ಏನು? ಇಲ್ಲಿ ತುಂಬಾ ಜನ ಎಡವುತ್ತಾರೆ, 'ಎಲ್ಲ ಒಳ್ಳೆಯದಾಗುತ್ತದೆ' ಎಂದು ಬರೆದುಬಿಡುತ್ತಾರೆ. ಅದು ಸಾಕ್ಷಿ ಅಲ್ಲ, ಹಾರೈಕೆ. ನಾನು ಬರೆದದ್ದು: ಇಸಿಜಿ ಸರಿ ಇದೆ, ಹದಿನಾಲ್ಕು ಸಲ ಹೀಗಾಗಿದೆ, ಹದಿನಾಲ್ಕು ಸಲವೂ ಅರ್ಧ ಗಂಟೆಯೊಳಗೆ ಇಳಿದಿದೆ, ಮನೆ ಮೂರನೇ ಮಹಡಿಗೆ ಹತ್ತುವಾಗಲೂ ಎದೆ ಇಷ್ಟೇ ಬಡಿಯುತ್ತದೆ, ಆಗ ನಾನು ಹೆದರುವುದಿಲ್ಲ. 95 ಇದ್ದದ್ದು 60ಕ್ಕೆ ಬಂತು. ಬರವಣಿಗೆಯಿಂದ ಅಷ್ಟೇ ಆಗಿದ್ದು. ಉಳಿದ 60 ಕರಗಿದ್ದು ಬಸ್ಸಿನಲ್ಲಿ.

ಮೆಟ್ಟಿಲು

ಇದೇ ಈ ಚಿಕಿತ್ಸೆಯ ಜೀವಾಳ, ಇದನ್ನೇ ಜನ ಬಿಟ್ಟುಬಿಡುತ್ತಾರೆ. ಹೆದರುವ ಜಾಗವನ್ನು ತುಂಡು ತುಂಡು ಮಾಡಿ, ಪ್ರತಿ ತುಂಡಿಗೂ ಎಷ್ಟು ಭಯ ಎಂದು ಅಂಕ ಕೊಟ್ಟು, ಕಮ್ಮಿ ಭಯದಿಂದ ಶುರು ಮಾಡಿ ಮೇಲೆ ಹತ್ತಬೇಕು. ನಮ್ಮ ಊರಿನ ದಾರಿಯೇ ನನಗೆ ಮೆಟ್ಟಿಲಾಯಿತು. ಕೋಲಾರ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ಸುಮ್ಮನೆ ಕೂರುವುದು, 25. ನಿಂತ ಬಸ್ಸು ಹತ್ತಿ ಕೂತು, ಹೊರಡುವ ಮುಂಚೆ ಇಳಿಯುವುದು, 35. ಹೆಂಡತಿ ಜೊತೆ ನರಸಾಪುರದವರೆಗೆ, 45. ಅದೇ ನರಸಾಪುರಕ್ಕೆ ಒಬ್ಬನೇ, 55. ಹೊಸಕೋಟೆ, 70. ಕೆ.ಆರ್. ಪುರ, 85. ಕೊನೆಗೆ ಸೋಮವಾರ ಬೆಳಗಿನ ರಷ್‌ನಲ್ಲಿ, ಹಿಂದಿನ ಸೀಟಿನ ಕಿಟಕಿ ಪಕ್ಕ, ಮೆಜೆಸ್ಟಿಕ್, 100.

ನಿಮ್ಮ ಮೆಟ್ಟಿಲು ಬೇರೆ ಇರುತ್ತದೆ. ಮದುವೆ ಮನೆಯಲ್ಲಿ ನಾಲ್ಕು ಜನರ ಮುಂದೆ ಮಾತಾಡಲು ಹೆದರುವವರಿಗೆ ಮೊದಲ ಮೆಟ್ಟಿಲು ಅಂಗಡಿಯವರನ್ನು ಒಂದು ಸಾಮಾನಿನ ರೇಟು ಕೇಳುವುದಿರಬಹುದು. ಮತ್ತೆ ಮತ್ತೆ ಕೈ ತೊಳೆಯುವ ಕಾಯಿಲೆಯವರಿಗೆ ಬಾಗಿಲ ಚಿಲಕ ಮುಟ್ಟಿ ಹತ್ತು ನಿಮಿಷ ತೊಳೆಯದೇ ಇರುವುದಿರಬಹುದು. ಆದರೆ ಈ ಕಾಯಿಲೆಗೆ, ಹಾಗೇ ಅಪಘಾತ ಅಥವಾ ಹಿಂಸೆಯಿಂದ ಹುಟ್ಟಿದ ಭಯಕ್ಕೆ ನೀವಾಗಿ ಶುರು ಮಾಡಬೇಡಿ. ಕಲಿತವರ ಜೊತೆಯಲ್ಲೇ ಮಾಡಿ.

ಪ್ರತಿ ಮೆಟ್ಟಿಲಿಗೂ ಮುಂಚೆ, ಏನಾಗುತ್ತದೆ ಎಂದು ಹೆದರಿದ್ದೀರೋ ಅದನ್ನು ಬರೆದಿಡಿ. 'ನರಸಾಪುರದೊಳಗೆ ಪ್ರಜ್ಞೆ ತಪ್ಪಿ ಬೀಳುತ್ತೇನೆ.' ಇಳಿದ ಮೇಲೆ ನಿಜವಾಗಿ ಏನಾಯಿತು ಎಂದು ಪಕ್ಕದಲ್ಲಿ ಬರೆಯಿರಿ. ಮೊದಲೆಲ್ಲ ಭಯ ಪೂರ್ತಿ ಇಳಿಯುವವರೆಗೂ ಅಲ್ಲೇ ಇರಬೇಕು ಎನ್ನುತ್ತಿದ್ದರು. ಈಗ ಕ್ಯಾಲಿಫೋರ್ನಿಯಾದ ಮಿಷೆಲ್ ಕ್ರಾಸ್ಕ್ ಮತ್ತು ಜೊತೆಗಾರರ ಕೆಲಸದಿಂದ ಇನ್ನೊಂದು ತಿಳಿವಳಿಕೆ ಬಂದಿದೆ. ಭಯ ಎಷ್ಟು ಇಳಿಯಿತು ಎನ್ನುವುದಕ್ಕಿಂತ, ಆಗುತ್ತದೆ ಅಂದುಕೊಂಡದ್ದು ಆಗಲಿಲ್ಲ ಎಂದು ಮನಸ್ಸು ಕಣ್ಣಾರೆ ನೋಡುವುದೇ ಮುಖ್ಯ. ಹಳೇ ಭಯ ಅಳಿಸಿಹೋಗುವುದಿಲ್ಲ, ಅದರ ಮೇಲೆ ಹೊಸ ಪಾಠ ಕೂರುತ್ತದೆ. ಆದ್ದರಿಂದ ಒಂದೇ ಮೆಟ್ಟಿಲನ್ನು ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಬಸ್ಸಿನಲ್ಲಿ ಮಾಡಿ. ನರಸಾಪುರಕ್ಕೆ ನಾನು ಒಂಬತ್ತು ಸಲ ಹೋಗಿ ಬಂದೆ.

ಒಂದು ವಿಷಯ ನನಗೆ ತಡವಾಗಿ ತಿಳಿಯಿತು. ನಾಲ್ಕನೇ ಮೆಟ್ಟಿಲಲ್ಲಿ ಎರಡು ವಾರ ನಿಂತುಬಿಟ್ಟಿದ್ದೆ, ಯಾಕೆ ಅಂತ ಗೊತ್ತಾಗಲಿಲ್ಲ. ನಮ್ಮ ಥೆರಪಿಸ್ಟ್ ಮೇಡಂ ಕೇಳಿದರು, "ಜೇಬಲ್ಲಿ ಏನಿಟ್ಕೊಂಡು ಹೋಗ್ತೀರಾ?" ನೀರಿನ ಬಾಟಲಿ, ಡಾಕ್ಟರ್ ಚೀಟಿ, ಒಂದು ಮಾತ್ರೆ. ಬಾಗಿಲ ಪಕ್ಕದ ಸೀಟೇ ಬೇಕು. ಕೈಯಲ್ಲಿ ಫೋನು, ಹೆಂಡತಿ ನಂಬರು ತೆಗೆದೇ ಇರುತ್ತಿತ್ತು. ಇವನ್ನೆಲ್ಲ ಇಟ್ಟುಕೊಂಡು ಹೋದರೆ ಮನಸ್ಸು ಕಲಿಯುವುದು, 'ಬಾಟಲಿ ಇತ್ತು, ಅದಕ್ಕೆ ಉಳಿದುಕೊಂಡೆ' ಎಂಬುದನ್ನು. ಹಾಗಾಗಿ ಒಂದೊಂದಾಗಿ ಬಿಡಬೇಕು. ಮೊದಲು ಚೀಟಿ ಬಿಟ್ಟೆ, ಆಮೇಲೆ ಬಾಗಿಲ ಸೀಟು. ಫೋನನ್ನು ಬ್ಯಾಗಿನ ತಳಕ್ಕೆ ಹಾಕಿ ಹೊಸಕೋಟೆ ಮುಟ್ಟಿದ ದಿನ ಇಳಿದು ಕಾಫಿ ಕುಡಿದೆ, ಅಂಥ ಕಾಫಿ ನಾನು ಕುಡಿದಿರಲಿಲ್ಲ. ಒಂದು ಮಾತು, ಡಾಕ್ಟರ್ ದಿನಾ ತೆಗೆದುಕೊಳ್ಳಲು ಹೇಳಿದ ಮಾತ್ರೆಯನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ನನ್ನ ಜೇಬಿನಲ್ಲಿದ್ದದ್ದು ಧೈರ್ಯಕ್ಕೆಂದು ಹೊತ್ತಿದ್ದ ಮಾತ್ರೆ.

ಮನಸ್ಸು ಕುಗ್ಗಿದವರಿಗೆ ದಾರಿ ಸ್ವಲ್ಪ ಬೇರೆ

ಖಿನ್ನತೆಯಲ್ಲಿ ಶುರು ಮಾಡುವುದು ಯೋಚನೆಯಿಂದಲ್ಲ, ಕೆಲಸದಿಂದ. ನಮ್ಮ ಬೀದಿಯ ಅಣ್ಣ ಒಬ್ಬರು ಟೊಮೆಟೊ ಬೆಳೆಯುತ್ತಾರೆ. ಒಂದು ವರ್ಷ ಮಂಡಿಯಲ್ಲಿ ಹದಿನೈದು ಕೆ.ಜಿ. ಬಾಕ್ಸಿಗೆ ಸಿಕ್ಕ ದುಡ್ಡು ಕೂಲಿಗೂ ಸಾಗಣೆಗೂ ಸಾಲಲಿಲ್ಲ. ಅಣ್ಣ ಹಾಸಿಗೆ ಹಿಡಿದರು. ಹನ್ನೊಂದು ಗಂಟೆಯಾದರೂ ಏಳುತ್ತಿರಲಿಲ್ಲ, ಹಸುವಿನ ಕೆಲಸವೆಲ್ಲ ಅತ್ತಿಗೆ ಮೇಲೆ ಬಿತ್ತು. 'ಮನಸ್ಸು ಬಂದ ಮೇಲೆ ಏಳ್ತೀನಿ' ಎನ್ನುತ್ತಿದ್ದರು. ಮನಸ್ಸು ಬರುವುದು ಎದ್ದ ಮೇಲೆ. ಅವರಿಗೆ ಕೊಟ್ಟ ಮೊದಲ ವಾರದ ಕೆಲಸ ಒಂದೇ: ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವುದು. ಮುಂದಿನ ವಾರ ಡೈರಿ ಹತ್ತಿರ ಒಬ್ಬರ ಜೊತೆ ಐದು ನಿಮಿಷ ಮಾತು. ಪ್ರತಿ ಕೆಲಸ ಆದ ಮೇಲೆ ಹತ್ತಕ್ಕೆ ಎಷ್ಟು ಹಗುರಾಯಿತು ಎಂದು ಬರೆಯುವುದು. ಸೊನ್ನೆಯೂ ಬರುತ್ತದೆ, ಬರಲಿ.

ಇದು ಬರೀ ನಮ್ಮ ಬೀದಿಯ ಕತೆಯಲ್ಲ. 1996ರಲ್ಲೇ ಅಮೆರಿಕದ ನೀಲ್ ಜಾಕಬ್ಸನ್ ತಂಡ ಸಿಬಿಟಿಯನ್ನು ಬಿಡಿಸಿ ನೋಡಿತು. ಬರೀ ಈ ಚಟುವಟಿಕೆಯ ಭಾಗ ಕೊಟ್ಟವರೂ ಪೂರ್ತಿ ಚಿಕಿತ್ಸೆ ಪಡೆದವರಷ್ಟೇ ಸುಧಾರಿಸಿದ್ದರು. ಗೋವಾದಲ್ಲಿ ಮನೋವೈದ್ಯ ವಿಕ್ರಂ ಪಟೇಲ್ ಅವರ ತಂಡ ಇದನ್ನೇ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ತರಬೇತಿ ಪಡೆದ ಸಾಮಾನ್ಯ ಜನರ ಕೈಯಿಂದ ಕೊಡಿಸಿತು. ಆರರಿಂದ ಎಂಟು ಭೇಟಿ, ಅಷ್ಟೇ. ಫಲಿತಾಂಶ ಪ್ರಕಟವಾದದ್ದು 2017ರಲ್ಲಿ. ಮೂರು ತಿಂಗಳಿಗೆ ಈ ನೆರವು ಸಿಕ್ಕವರಲ್ಲಿ ಶೇ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು, ಮಾಮೂಲಿ ಆರೈಕೆಯಲ್ಲಿದ್ದವರಲ್ಲಿ ಶೇ 39. ಪಾಕಿಸ್ತಾನದ ಹಳ್ಳಿಗಳಲ್ಲಿ ನಮ್ಮ ಆಶಾ ಕಾರ್ಯಕರ್ತೆಯರಂಥ ಹೆಣ್ಣುಮಕ್ಕಳು ಗರ್ಭಿಣಿ, ಬಾಣಂತಿಯರಿಗೆ ಸಿಬಿಟಿ ಆಧಾರದ ನೆರವು ಕೊಟ್ಟರು. ಹೆರಿಗೆಯಾಗಿ ಆರು ತಿಂಗಳಿಗೆ ಅವರಲ್ಲಿ ಶೇ 23 ತಾಯಂದಿರಲ್ಲಿ ಮಾತ್ರ ಖಿನ್ನತೆ ಉಳಿದಿತ್ತು, ಉಳಿದ ಗುಂಪಿನಲ್ಲಿ ಶೇ 53. ಆ ಫಲಿತಾಂಶ ಬಂದಿದ್ದು 2008ರಲ್ಲಿ. ಇದನ್ನು ನಮ್ಮ ತಾಲ್ಲೂಕುಗಳಲ್ಲೂ ಯಾಕೆ ಎಲ್ಲ ಕಡೆ ಮಾಡಬಾರದು? ನನಗೆ ಇದು ನಿಜಕ್ಕೂ ನೋವಿನ ವಿಷಯ.

ಅಣ್ಣನ ಸಾಲ ಮಾತ್ರ ಯೋಚನೆ ಬದಲಾದರೆ ಹೋಗುವುದಲ್ಲ, ಅಲ್ವಾ. ಸಾಲ ನಿಜ, ಬೆಲೆ ಬಿದ್ದದ್ದೂ ನಿಜ. ಅಲ್ಲಿ ಮಾಡುವುದು ಇಷ್ಟು: 'ನನ್ನ ಕೈಲಿ ಏನೂ ಆಗಲ್ಲ' ಎನ್ನುವುದನ್ನು ಪಕ್ಕಕ್ಕಿಟ್ಟು, ಯಾರಿಗೆ ಎಷ್ಟು ಕೊಡಬೇಕು, ಯಾವುದು ಮೊದಲು, ಈ ವಾರ ಯಾರ ಹತ್ತಿರ ಮಾತಾಡಬೇಕು ಎಂದು ಹಾಳೆಯ ಮೇಲೆ ಇಳಿಸುವುದು. ತಲೆಯಲ್ಲಿದ್ದಾಗ ಬೆಟ್ಟದಂತಿದ್ದದ್ದು ಹಾಳೆಯಲ್ಲಿ ಆರು ಸಾಲಾಯಿತು.

ಮಾತ್ರೆಯೋ ಸಿಬಿಟಿಯೋ?

ಎಲ್ಲರೂ ಕೇಳುವ ಪ್ರಶ್ನೆ. 2005ರಲ್ಲಿ, ಸಾಕಷ್ಟು ತೀವ್ರ ಖಿನ್ನತೆಯಿದ್ದ 240 ಜನರ ಅಧ್ಯಯನದಲ್ಲಿ 16 ವಾರಕ್ಕೆ ಎರಡರಲ್ಲೂ ಶೇ 58 ಮಂದಿ ಸುಧಾರಿಸಿದ್ದರು. ಸುಧಾರಿಸಿದವರನ್ನು ಮುಂದೆ ಒಂದು ವರ್ಷ ನೋಡಿದಾಗ, ಸಿಬಿಟಿ ಮುಗಿಸಿದವರಲ್ಲಿ ಶೇ 31 ಮಂದಿಗೆ, ಮಾತ್ರೆ ನಿಲ್ಲಿಸಿದವರಲ್ಲಿ ಶೇ 76 ಮಂದಿಗೆ ಖಿನ್ನತೆ ಮರಳಿತ್ತು. ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತು: ಸಿಬಿಟಿಯಿಂದ ಎಷ್ಟು ಗುಣವಾಗುತ್ತದೆ ಎನ್ನುವುದು ಮಾಡಿಸುವವರ ಅನುಭವದ ಮೇಲೂ ನಿಲ್ಲಬಹುದು. 2023ರಲ್ಲಿ 409 ಅಧ್ಯಯನ, 52 ಸಾವಿರಕ್ಕೂ ಜಾಸ್ತಿ ಜನರ ಲೆಕ್ಕ ಒಟ್ಟಿಗೆ ಹಾಕಿದಾಗ, ಮಾತ್ರೆ ಮತ್ತು ಸಿಬಿಟಿ ಎರಡೂ ಸೇರಿದರೆ ಬರೀ ಮಾತ್ರೆಗಿಂತ ಒಳ್ಳೆಯದು ಎಂದು ಕಂಡಿತು. ಬೇರೆ ಮಾತಿನ ಚಿಕಿತ್ಸೆಗಳಿಗಿಂತ ಸಿಬಿಟಿ ಬಹಳ ಮೇಲು ಎಂದು ಮಾತ್ರ ಕಾಣಲಿಲ್ಲ. ನಿಮಗೆ ಒಗ್ಗದಿದ್ದರೆ ಬೇರೆ ದಾರಿ ಇದೆ ಎಂದು ಇದರ ಅರ್ಥ. ನಾನು ಮೊದಲ ಐದು ತಿಂಗಳು ಎರಡನ್ನೂ ತೆಗೆದುಕೊಂಡೆ.

ಮತ್ತೆ ಬಂದರೆ?

ಬರುತ್ತದೆ. ಕೊನೆಯ ಭೇಟಿಗಳಲ್ಲಿ ಮಾಡುವ ಕೆಲಸವೇ ಇದು, ಮತ್ತೆ ಬಂದಾಗ ಏನು ಮಾಡಬೇಕೆಂದು ಈಗಲೇ ಬರೆದಿಡುವುದು. ನನ್ನ ಚೀಟಿ ಮನೆಯ ಬೀರುವಿನೊಳಗೆ ಅಂಟಿಸಿದೆ, ಜೇಬಿನಲ್ಲಲ್ಲ. ಅದರಲ್ಲಿ ಹೀಗಿದೆ: ಎರಡು ದಿನ ಸತತವಾಗಿ ಬಸ್ಸು ತಪ್ಪಿಸಲು ನೆಪ ಹುಡುಕಿದರೆ ಎಚ್ಚರ. ಮೂರನೇ ದಿನ ನರಸಾಪುರದ ಮೆಟ್ಟಿಲಿಂದ ಮತ್ತೆ ಶುರು ಮಾಡು. ನಡುವೆ ಇಳಿಯಬೇಕೆನಿಸಿದರೆ ಇನ್ನೊಂದು ಸ್ಟಾಪ್ ಕೂತಿರು. ಎರಡು ವಾರದಲ್ಲಿ ಸರಿಹೋಗದಿದ್ದರೆ ಮೇಡಂಗೆ ಫೋನ್ ಮಾಡು. ಕಳೆದ ಬೇಸಿಗೆಯಲ್ಲಿ ಒಮ್ಮೆ ಬೇಕಾಯಿತು. ನರಸಾಪುರಕ್ಕೆ ಮೂರು ಸಲ ಹೋಗಿ ಬಂದೆ, ನಾಲ್ಕನೇ ಸಲ ಅಲ್ಲಿ ಇಳಿಯಲಿಲ್ಲ.