ಬಿಸಿ ಸಾಂಬಾರಿಗೆ ತೊಟ್ಟೆ ಬೇಡ
ಉಡುಪಿಯಲ್ಲಿ ಹೋಟೆಲಿನಿಂದ ಸಾಂಬಾರ್ ಕಟ್ಟಿಸಿಕೊಂಡು ಬರುವವರೇ, ಮನೆಯಿಂದ ಸ್ಟೀಲ್ ಡಬ್ಬಿ ತಗೊಂಡು ಹೋಗಿ. ಬಿಸಿ ತಾಗಿದರೆ ಪ್ಲಾಸ್ಟಿಕ್ ತೊಟ್ಟೆಯಿಂದ ಕಣ್ಣಿಗೆ ಕಾಣದ ಚೂರುಗಳು ಜಾಸ್ತಿ ಉದುರುತ್ತವೆ.

ಚಹಾದ ಕಾಗದದ ಲೋಟ ಪರವಾಗಿಲ್ಲ ಅಂತ ನಾನೂ ಅಂದುಕೊಂಡಿದ್ದೆ. ಅದರೊಳಗೂ ಪ್ಲಾಸ್ಟಿಕ್ ಪದರ ಇರುತ್ತದೆ! ಐಐಟಿ ಖರಗ್‌ಪುರದವರು ಪರೀಕ್ಷಿಸಿದಾಗ 100 ಮಿ.ಲೀ. ಬಿಸಿ ನೀರಿಗೆ 15 ನಿಮಿಷದಲ್ಲಿ ಸುಮಾರು 25,000 ಚೂರುಗಳು ಸೇರಿದ್ದವು.

2024ರ ಇಟಲಿಯ ಅಧ್ಯಯನದಲ್ಲಿ, ಕುತ್ತಿಗೆಯ ರಕ್ತನಾಳದ ಕೊಬ್ಬಿನಲ್ಲಿ ಇಂಥ ಚೂರು ಇದ್ದವರಿಗೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಜಾಸ್ತಿ ಕಂಡಿತ್ತು. ಪ್ಲಾಸ್ಟಿಕ್ಕೇ ಕಾರಣ ಅಂತ ಅದರಿಂದ ಸಾಬೀತಾಗಿಲ್ಲ, ಸುಮ್ನೆ ಹೆದರಬೇಡಿ. ಆದರೂ ಡಬ್ಬಿ ಹಿಡಿದುಕೊಂಡು ಹೋಗುವುದು ಏನು ಮಹಾ ಕಷ್ಟ?

ಮರೆತ ದಿನ ನಾನು ಬಾಳೆ ಎಲೆಯಲ್ಲಿ ಗೋಳಿಬಜೆ ಮಾತ್ರ ಕಟ್ಟಿಸಿಕೊಳ್ಳುತ್ತೇನೆ. ಚಟ್ನಿ ಮನೆಯಲ್ಲೇ.